ಮರಿಯವ್ವನ ಮೌನ

ಬ್ಯಾಡಗಿ,
೧೮ ಫೆಬ್ರುವರಿ ೨೦೨೫

ಪ್ರೀತಿಯ ಅಣ್ಣಾ,

ನಿನ್ನ ಬಿಪಿ ಈಗ ಹೇಗಿದೆ? ಗುಳಿಗೆ ತಪ್ಪಿಸುತ್ತಿಲ್ಲವಷ್ಟೇ? ನಲಿನಿ ವೈನಿಯ ಮೊಣಕಾಲು ನೋವು ಕಡಿಮೆಯಾಗಿರಬೇಕು. ನಾವಿಲ್ಲಿ ಇದ್ದೇವೆ. ಮೆಣಸಿನಕಾಯಿ ಸುಗ್ಗಿ ಜೋರಾಗಿದೆ, ಊರಿಗೆ ಊರೇ ಸೀನುತ್ತಿದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅವ್ವನ ವಿಷಯ ತೆಗೆದ ಕೂಡಲೇ ನೀನು ಪ್ರಾರ್ಥನೆ ಶುರು ಮಾಡುತ್ತೀ. ಪ್ರಾರ್ಥನೆಯ ನಡುವೆ ಬಾಯಿ ಹಾಕಬಾರದೆಂದು ಕಲಿಸಿದವಳೇ ಅವ್ವ. ಅದಕ್ಕೇ ಪತ್ರ.

ಅವ್ವನ ಮಣ್ಣಿನ ದಿನ ನೀನು ಸಮಾಧಿಯ ಮುಂದೆ ಮಾಡಿದ ಪ್ರಸಂಗವನ್ನು ಚರ್ಚಿನ ಸಭೆಯವರು ಇನ್ನೂ ಹೊಗಳುತ್ತಾರೆ. “ನಮ್ಮವ್ವ ಒಂದು ದಿನಾನೂ ಗುಣುಗುಟ್ಟಲಿಲ್ಲ. ದೇವರ ಚಿತ್ತಕ್ಕ ತನ್ನನ್ನ ಒಪ್ಪಿಸಿ ಮೌನವಾಗಿ ಹೋದಳು” ಎಂದೆ. ಪಾಸ್ಟರಾದ ಮಗನೇ ಹೇಳಿದ ಮೇಲೆ ಎಲ್ಲರೂ ಅತ್ತರು. ನಾನು ಅಳಲಿಲ್ಲ. ಅಣ್ಣಾ, ನಮ್ಮವ್ವ ಯಾವಾಗ ಸುಮ್ಮನಿದ್ದಳು? ಮೂವತ್ತು ವರ್ಷ ದಲಾಲಿ ಅಂಗಡಿಗಳಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸಿದ ಮರಿಯವ್ವನ ಗಂಟಲು ಎರಡು ಓಣಿಯಾಚೆ ಕೇಳಿಸುತ್ತಿತ್ತು. ಯೇಸುಸ್ವಾಮಿಯ ಜೊತೆಗೂ ಜಗಳವಾಡುವವಳು. ಉರಿಯುವ ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತ, “ನಿನ್ನ ಕೈಗೂ ಗಾಯ ಆಗಿತ್ತಲ್ಲ, ನಂದು ನಿನಗ ತಿಳಿಯೂದಿಲ್ಲೇನು?” ಎಂದು ಕೇಳುತ್ತಿದ್ದಳು.

ಅಂಥವಳು ಹದಿನಾಲ್ಕು ತಿಂಗಳು ಸುಮ್ಮನಿದ್ದಳು. ಯಾಕೆಂದು ನಿನಗೆ ಗೊತ್ತು. ಎರಡು ವರ್ಷದ ಕೆಳಗೆ ಕ್ರಿಸ್ಮಸ್ಸಿಗೆ ನೀನು ಬಂದಾಗ, ಎದೆಯಲ್ಲಿ ಗಂಟು ಸಿಕ್ಕಿದೆಯೆಂದು ಅವಳು ಮೊದಲು ಹೇಳಿದ್ದು ನಿನಗೆ. ನೀನು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, “ದವಾಖಾನಿ ಅಂತ ಅಡ್ಡಾಡಬ್ಯಾಡವ್ವಾ. ದೇವರ ಕೈಯಾಗ ಕೊಟ್ಟು ಸುಮ್ಮನಿರು. ಯಾರ ಮುಂದನೂ ಆಡಬ್ಯಾಡ, ಅಪನಂಬಿಕಿ ಆಗತೈತಿ” ಎಂದೆಯಂತೆ. ಒಂದೇ ಮನೆಯಲ್ಲಿದ್ದ ನನಗೂ ಅವಳು ಹೇಳಲಿಲ್ಲ. ಕೊನೆಗೆ ಅವಳ ಪಕ್ಕದಲ್ಲಿ ತೊಟ್ಟು ಬಿಡಿಸುತ್ತಿದ್ದ ಹಸೀನಾಬಿ ನನ್ನನ್ನು ಬದಿಗೆ ಕರೆದು, “ನಿಮ್ಮವ್ವನ ಸೆರಗಿನ್ಯಾಗ ಏನೋ ವಾಸನಿ ಬರಾಕತ್ತೈತಿ. ಕಾಯಿ ಘಾಟಿನ್ಯಾಗೂ ಬರತೈತಿ ಅಂದ್ರ ಲಗೂ ತೋರಸು” ಎಂದಳು. ಹುಬ್ಬಳ್ಳಿಯ ಡಾಕ್ಟರು ರಿಪೋರ್ಟ್ ನೋಡಿ, ವರ್ಷದ ಹಿಂದೆ ಬಂದಿದ್ದರೆ ಉಳಿಸಬಹುದಿತ್ತು ಎಂದರು. ನೀನು ಹೇಳಿದ್ದನ್ನು ಅವ್ವ ನನಗೆ ತಿಳಿಸಿದ್ದು ಆವತ್ತೇ.

ಕೊನೆಯ ವಾರ ಹಾವೇರಿಯ ಆಸ್ಪತ್ರೆಯಲ್ಲಿ ಅವಳ ಗಂಟಲು ಮರಳಿ ಬಂತು. ಹಗಲೆಲ್ಲ ಒಂದೇ ಮಾತು: “ಅವಂಗ ಕೊಟ್ಟೆ, ಸುಮ್ಮನಾದೆ. ಅವ ಯಾಕ ಸುಮ್ಮನಾದ?” ಆಚೆ ಮಂಚದವರು ಎದ್ದು ಕೂರುವಷ್ಟು ಜೋರಾಗಿ. ನೀನಾಗ ಸುವಾರ್ತಾ ಕೂಟದಲ್ಲಿದ್ದೆ. ಒಂದು ಮಧ್ಯಾಹ್ನ ಸಭೆಯ ಹೆಂಗಸರು ಹಾಡಲು ಬರುತ್ತಿರುವುದು ಕಿಟಕಿಯಿಂದ ಕಂಡಿತು. ಪಾಸ್ಟರ ತಾಯಿ ಹೀಗೆ ಕೂಗುವುದನ್ನು ಅವರು ಕೇಳಬಾರದೆಂದು, ನಿನ್ನ ಮರ್ಯಾದೆಗಾಗಿ, ನಾನು ಟವೆಲ್ ಮಡಚಿ ಅವಳ ಬಾಯಿಗೆ ಒತ್ತಿ ಹಿಡಿದೆ. ಕೂಗು ನಿಂತ ಮೇಲೆ ತೆಗೆದೆ. ಅವ್ವ ನನ್ನನ್ನೊಮ್ಮೆ ನೋಡಿ ಗೋಡೆಯ ಕಡೆ ಹೊರಳಿದಳು. ಅವರು ಹಾಡಿ ಹೋದರು; ಎಷ್ಟು ಶಾಂತವಾಗಿದ್ದಾಳೆ ಎಂದು ನಿನಗೆ ಹೇಳಿದವರೂ ಅವರೇ. ಆಮೇಲೆ ಮೂರು ದಿನ ಬದುಕಿದ್ದಳು. ನನ್ನ ಹತ್ತಿರ ಮಾತಾಡಲಿಲ್ಲ, ದೇವರ ಹತ್ತಿರವೂ ಇಲ್ಲ. ನೀನು ಹೊಗಳಿದ ಮೌನ ಇದು. ಇದರಲ್ಲಿ ನಿನ್ನ ಕೈಯಿದೆ, ನನ್ನ ಕೈಯಿದೆ. ದೇವರ ಕೈ ಎಲ್ಲಿತ್ತೋ ನನಗೆ ಕಾಣಲಿಲ್ಲ.

ಈಗಲೂ ಭಾನುವಾರ ಸಭೆಗೆ ಹೋಗುತ್ತೇನೆ. ಪ್ರಾರ್ಥನೆಯಲ್ಲಿ ‘ನಿನ್ನ ಚಿತ್ತ ನೆರವೇರಲಿ’ ಎನ್ನುವ ಕಡೆ ಮಾತ್ರ ನನ್ನ ತುಟಿ ಆಡುವುದಿಲ್ಲ.

ವೈನಿಗೆ ನಮಸ್ಕಾರ ತಿಳಿಸು, ಮಕ್ಕಳಿಗೆ ನನ್ನ ಮುತ್ತು. ಸಿಟ್ಟಿನಿಂದ ಬರೆದಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ದೇವರು ನಿನ್ನನ್ನು ಕಾಯಲಿ.

ನಿನ್ನ ತಂಗಿ,
ಎಸ್ತೇರ

ತಾ.ಕ.: ಮಡಚಿದ ಪತ್ರ ಮತ್ತೆ ಬಿಚ್ಚಿದೆ. ಐರಣಿಯ ಗುತ್ತೆವ್ವ ಈಗಷ್ಟೇ ಬಂದು ಹೋದಳು. ಹೊಸದಾಗಿ ಸಭೆ ಸೇರಿದವಳು, ಮಣ್ಣಿನ ದಿನ ಹಿಂದೆ ನಿಂತು ನಿನ್ನ ಪ್ರಸಂಗ ಕೇಳಿದ್ದಾಳೆ. ಅವಳ ಎದೆಯಲ್ಲೂ ಗಂಟು. “ಮರಿಯವ್ವನಂಗ ನಾನೂ ಅವನ ಚಿತ್ತಕ್ಕ ಬಿಟ್ಟು ಸುಮ್ಮನ ಅದೇನಿ” ಎಂದು ಹೆಮ್ಮೆಯಿಂದ ಹೇಳಿದಳು. ಒಂದೂ ಬಿಡದೆ ಎಲ್ಲ ತಿಳಿಸಿದೆ. ನಂಬಲಿಲ್ಲ. “ಅಯ್ಯನವರು ಸುಳ್ಳ ಹೇಳ್ತಾರೇನವ್ವಾ?” ಎಂದು ಎದ್ದು ಹೋದಳು. ನಿನಗೆ ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಅವಳ ನಂಬರ್ ಹಾಳೆಯ ಹಿಂದೆ ಬರೆದಿದ್ದೇನೆ. ಇದು ಕೈಗೆ ಸಿಕ್ಕ ಕೂಡಲೇ ಅವಳಿಗೆ ಫೋನ್ ಮಾಡಿ, ಅವತ್ತು ಹೇಳಿದ್ದು ಖರೇ ಅಲ್ಲ ಅನ್ನು. ನನ್ನ ಮಾತು ಅವಳು ಕೇಳುವುದಿಲ್ಲ; ನಿನ್ನದು ಕೇಳುತ್ತಾಳೆ.