ಸಿಪ್ಪೆ ಸುಲಿದ ದ್ರಾಕ್ಷಿ

ಎಂಕಾರ್ನಾ ಅಕ್ಕ,

ಇದನ್ನು ನಿನಗೆ ಕಳಿಸೋದಿಲ್ಲ, ಹಾಗಾಗಿ ನೇರವಾಗಿ ಕೇಳ್ತೀನಿ: ಬೆಲೆನ್ ನಿನಗೆ ಹೇಗೆ ಗೊತ್ತು?

ಹೋಟೆಲ್ ಕೆಲಸಕ್ಕೆ ಬೇಕು ಅಂತ ಸಂಜೆ ಇಂಗ್ಲಿಷ್ ಕ್ಲಾಸಿಗೆ ಹೋಗ್ತಿದ್ದೀನಿ. ಹೋದ ವಾರ ಪ್ಯಾಸಿವ್ ವಾಯ್ಸ್. 'ಅಪ್ಪನ ಅಂಗಡಿ ಮಾರಲ್ಪಟ್ಟಿತು' ಅಂತ ಬರೆದೆ. ಯಾರು ಮಾರಿದರು ಅಂತ ಹೇಳಬೇಕಾಗಿಲ್ಲ ಅಂದರು ಮೇಷ್ಟ್ರು. ಹಾಗಾಗಿ ಮಾರಿದ್ದು ನೀನು ಅಂತ ಬರೆಯೋದು ತಪ್ಪಿತು. ಆ ಮಾರಾಟದಿಂದಲೇ ನಾವಿಬ್ಬರೂ ಮಾತು ಬಿಟ್ಟದ್ದು ಅಂತ ಅವರಿಗೇನು ಗೊತ್ತು.

ಇವತ್ತು ರಿಪೋರ್ಟೆಡ್ ಸ್ಪೀಚ್. ಪಕ್ಕದವರಿಗೆ ನಮ್ಮದೊಂದು ಮಾತು ಹೇಳಬೇಕು, ಅವರು ಎದ್ದು ಅದನ್ನು ಎಲ್ಲರಿಗೂ ಒಪ್ಪಿಸಬೇಕು. ನನ್ನ ಪಕ್ಕ ಬೆಲೆನ್, ಹೊಸ ಹುಡುಗಿ. ಹೊಸ ವರ್ಷದ ಮಧ್ಯರಾತ್ರಿ ಗಂಟೆ ಹೊಡೆಯುವಾಗ, ಇಲ್ಲಿ ಎಲ್ಲರೂ ಅದೃಷ್ಟಕ್ಕೆ ಅಂತ ತಿನ್ನೋ ಹಾಗೆ, ನಾನೂ ಗಂಟೆಗೊಂದರಂತೆ ಹನ್ನೆರಡು ದ್ರಾಕ್ಷಿ ತಿಂತೀನಿ ಅಂದೆ, ಅಷ್ಟೇ. ಅವಳು ಎದ್ದು, "ನಿಯೆವೆಸ್ ಸಿಪ್ಪೆ ಸುಲಿದ ದ್ರಾಕ್ಷಿಯನ್ನೇ ತಿನ್ನೋದಂತೆ," ಅಂದಳು.

"ಸಿಪ್ಪೆ ವಿಷಯ ನಾನು ಹೇಳಲೇ ಇಲ್ವಲ್ಲೇ," ಅಂದೆ.

"ಹೇಳಿದ್ರಿ ಬಿಡಿ. ಇಲ್ಲದಿದ್ರೆ ನನಗೇನು ಕನಸು ಬಿತ್ತಾ?" ಅಂದಳು. ಕಿವಿ ಮಾತ್ರ ಕೆಂಪಗಾಗಿತ್ತು.

ಚಿಕ್ಕಂದಿನಲ್ಲಿ ಅಮ್ಮನ ಕಣ್ಣು ತಪ್ಪಿಸಿ, ಮೇಜಿನ ಕೆಳಗೆ ಕೈ ಇಟ್ಟುಕೊಂಡು ನೀನು ಸುಲಿದು ಕೊಡ್ತಿದ್ದದ್ದು ನಮ್ಮಿಬ್ಬರನ್ನು ಬಿಟ್ಟು ಯಾರಿಗೆ ಗೊತ್ತು? ಆಮೇಲೆ ಬಾಯಿ ಬಿಡಿಸಿದೆ: ಅವಳು ಕೆಲಸ ಮಾಡೋದು ನಿನ್ನ ಬೀದಿಯ ಬೇಕರಿಯಲ್ಲಿ. ನನ್ನ ಮೇಲೆ ಕಣ್ಣಿಡೋಕೆ ನೀನೇ ಕಳಿಸಿದೆಯಾ? ಅಥವಾ ಬ್ರೆಡ್ ತಗೊಳ್ಳುವಾಗ ನನ್ನ ಮಾತು ತೆಗೀತೀಯಾ? ಎರಡನೆಯದನ್ನು ನಂಬೋಕೆ ಧೈರ್ಯ ಸಾಲದು.

ಮುಂದಿನ ಗುರುವಾರವೂ ಅವಳ ಪಕ್ಕದಲ್ಲೇ ಕೂರ್ತೀನಿ. ಈ ಸಲ ದ್ರಾಕ್ಷಿ ಸುಲಿದು ಕೊಡೋಕೆ ಯಾರೂ ಇಲ್ಲ ಅಂತೀನಿ. ಯಾರಿಗೆ ಹೋಗಿ ಒಪ್ಪಿಸ್ತಾಳೋ ನೋಡ್ತೀನಿ.