ಸೋಡಾ ತರಲು ಹೋದವನು

ಅನಗೋಳ, ಬೆಳಗಾವಿ
19 ಜುಲೈ 2024, ಶುಕ್ರವಾರ

ಪ್ರೀತಿಯ ನೇತ್ರಕ್ಕಾ,

ಹೇಗಿದ್ದೀ? ಮೊಣಕಾಲಿನ ಬಾವು ಇಳಿಯಿತೇ? ಖಾನಾಪುರದ ಆ ಮಳೆಯಲ್ಲೂ ಶಾಲೆಗೆ ನಡೆದೇ ಹೋಗುತ್ತೀಯೆಂದು ಭಾವ ಹೇಳಿದರು. ಹಟ ಬಿಡು, ರಿಕ್ಷಾದಲ್ಲಿ ಹೋಗು. ನನ್ನ ಫೋನ್ ನೀನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಅವ್ವ ಆರಾಮಾಗಿದ್ದಾಳೆ. ಕಣ್ಣು ಮಾತ್ರ ಈಗ ಪೂರ್ತಿ ಹೋಗಿದೆ, ನನ್ನನ್ನೂ ಹೆಜ್ಜೆಯ ಸಪ್ಪಳದಿಂದಲೇ ಗುರುತಿಸುತ್ತಾಳೆ.

ಮಂಗಳವಾರ ಆಕೆ ಇದ್ದಕ್ಕಿದ್ದಂತೆ, “ಪ್ರಮೀ, ಇವತ್ತ ಆ ಸೋಡಾದ ಕೇಕ್ ಮಾಡು,” ಎಂದಳು. ಏಳು ವರ್ಷದಿಂದ ಈ ಮನೆಯಲ್ಲಿ ಯಾರೂ ಅದರ ಹೆಸರೆತ್ತಿಲ್ಲ. ಅಪ್ಪ ಕ್ಯಾಂಪಿನಲ್ಲಿ ಮಿಲಿಟರಿ ಸಾಹೇಬರ ಬಂಗಲೆಯಲ್ಲಿ ಅಡುಗೆಗೆ ಇದ್ದಾಗ ಕಲಿತು ಬಂದದ್ದನ್ನು ನಿನಗೊಬ್ಬಳಿಗೇ ಹೇಳಿಕೊಟ್ಟಿದ್ದ. ನಾನು ಪಕ್ಕದಲ್ಲಿ ನಿಂತು ನೋಡಿದವಳು ಅಷ್ಟೇ. ನೆನಪಿದ್ದಂತೆ ಮಾಡಿದೆ. ಬೆಣ್ಣೆ ಸಕ್ಕರೆ ಬೆಳ್ಳಗಾಗುವ ತನಕ ತಿರುವಿದೆ, ಒಂದೊಂದೇ ಮೊಟ್ಟೆ ಒಡೆದು ಹಾಕಿದೆ, ಮೈದಾ ಬೆರೆಸಿದೆ. ಕಿತ್ತಳೆ, ನಿಂಬೆಯ ಸಿಪ್ಪೆಯನ್ನು ಮೇಲುಮೇಲಷ್ಟೇ ಹೆರೆದೆ. “ಬಿಳೀದು ಬಂತಂದ್ರ ಕಹಿ ಆಗ್ತದ” ಎಂದು ನೀನು ಗದರುತ್ತಿದ್ದೆಯಲ್ಲ. ಕೊನೆಗೆ ನಿಂಬೆ ಸೋಡಾದ ಬಾಟಲಿ ಬಿಚ್ಚಿ ಪಾತ್ರೆಯ ಅಂಚಿನಗುಂಟ ಸುರಿದೆ. ಹಿಟ್ಟು ಸುಯ್ಯೆಂದು ನೊರೆಯೆದ್ದಿತು ನೋಡು, ಬಾಟಲಿಯನ್ನು ಕಣ್ಣಿಗೆ ಬೀಳದಂತೆ ಹಿತ್ತಲಿಗೆ ಒಯ್ದಿಟ್ಟು ಬಂದೆ.

ಅಪ್ಪನ ಅರವತ್ತು ತುಂಬಿದ ದಿನ ಇದೇ ಪಾತ್ರೆಯಲ್ಲಿ ನೀನು ಹಿಟ್ಟು ಕಲಸಿಟ್ಟು, ಸೋಡಾ ತರಲು ರಾಮಲಿಂಗನನ್ನು ಸ್ಕೂಟರಿನಲ್ಲಿ ಕಳಿಸಿದ್ದೆ. ಹತ್ತೊಂಬತ್ತು ವರ್ಷದ ನಮ್ಮ ತಮ್ಮ. ರೈಲ್ವೆ ಗೇಟಿನ ತಿರುವಿನಲ್ಲಿ ಟ್ರಕ್ಕು ಬಂತು. ಅವನನ್ನು ಅಂಗಳದಲ್ಲಿ ಮಲಗಿಸಿದಾಗ ಅವ್ವ, “ಯಾರ ಕಳಿಸಿದ್ರು ಅವನ್ನ?” ಎಂದು ಚೀರಿದಳು. ನೀನು, “ನಾನಽ” ಎಂದೆ. “ನಿನ್ನ ಕೇಕಿನ ಸಲುವಾಗಿ ನನ್ನ ಮಗನ್ನ ತಿಂದಿ,” ಎಂದಳು. ಆಮೇಲೆ ನೀನು ಬಂದದ್ದು ಒಮ್ಮೆ ಮಾತ್ರ, ಅಪ್ಪ ತೀರಿಕೊಂಡಾಗ ಮಣ್ಣಿಗೆ. ಅವತ್ತೂ ಮನೆಯೊಳಗೆ ಕಾಲಿಡದೆ ಖಾನಾಪುರಕ್ಕೆ ತಿರುಗಿದೆ.

ಕೇಕು ಉಬ್ಬುತ್ತಿದ್ದಂತೆ ಮನೆಯೆಲ್ಲ ಕಿತ್ತಳೆಯ ವಾಸನೆ. ಸಂಜೆ ಐದರ ಸುಮಾರಿಗೆ ಗೇಟಿನ ಹತ್ತಿರ ಸ್ಕೂಟರ್ ಬಂದು ನಿಂತ ಸದ್ದು, ಸ್ಟ್ಯಾಂಡ್ ಹಾಕಿದ ಸದ್ದು. ಬಾಗಿಲು ತೆರೆದೆ. ಮಳೆ ನಿಂತ ಓಣಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಅವ್ವ ಕುಳಿತಲ್ಲಿಂದಲೇ, “ಬಾಗಲಾ ಹಾಕಬ್ಯಾಡ, ಅವ ದಿನಾ ಬರ್ತಾನ,” ಎಂದಳು. “ಒಳಗ ಬರಂಗಿಲ್ಲ. ನೇತ್ರಕ್ಕ ಬಂದಾಳೇನು ಅಂತ ಕೇಳಿ ಹೊಳ್ಳಿ ಹೋಗ್ತಾನ.” ಬಾಗಿಲು ತೆರೆದಿಟ್ಟೇ ಒಳಗೆ ಬಂದೆ. ಆಮೇಲೆ ಆಕೆಯೇ, “ನಾ ಆಕಿಗೆ ಆಡಬಾರದ ಮಾತ ಆಡೇನಿ. ಕರಸು ಆಕಿನ್ನ,” ಎಂದಳು. ಬಿಸಿ ತುಂಡನ್ನು ಅವ್ವ ತಿಂದಳು. ನನ್ನ ಪಾಲನ್ನು ಮುಟ್ಟದೆ ಮುಚ್ಚಿಟ್ಟೆ. ಅಂದಿನಿಂದ ಐದರ ಹೊತ್ತಿಗೆ ನಾನು ಮನೆಯಲ್ಲಿ ಇರುವುದಿಲ್ಲ, ಹಿಂದಿನ ಓಣಿಯಲ್ಲಿ ಸುಮ್ಮನೆ ತಿರುಗುತ್ತೇನೆ. ಆ ಸದ್ದು ಅಲ್ಲಿಗೂ ಬರುತ್ತದೆ.

ಭಾವನಿಗೆ ನನ್ನ ನಮಸ್ಕಾರ ಹೇಳು. ನಿನ್ನ ತಲೆ ಮೇಲೆ ತನ್ನ ಕೈ ಇದೆಯೆಂದು ಬರೆಯಲು ಅವ್ವ ಹೇಳಿದ್ದಾಳೆ.

ನಿನ್ನ ತಂಗಿ,
ಪ್ರಮಿಳಾ

ತಾ.ಕ.: ಅಂಟಿಸಿದ ಲಕೋಟೆ ಹರಿದು ಬರೆಯುತ್ತಿದ್ದೇನೆ. ಅಕ್ಕಾ, ಅವತ್ತು ಅವನು ಸೋಡಾ ತಂದಿದ್ದ. ನೀನು ಮಾಳಿಗೆಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ನಾನು ಒಂದೇ ಗುಟುಕು ಎಂದು ಬಾಟಲಿ ಬಿಚ್ಚಿ ಅರ್ಧ ಕುಡಿದುಬಿಟ್ಟೆ. ನೀನು ಬೈಯುತ್ತೀ ಎಂದು ಹೆದರಿ, “ಅಕ್ಕಗ ಹೇಳಬ್ಯಾಡ, ಇನ್ನೊಂದ ತಗೊಂಡ ಬಾ” ಎಂದು ಅವನನ್ನು ಮತ್ತೆ ಕಳಿಸಿದವಳು ನಾನು. ನಗುತ್ತಲೇ ಹೋದ. ಅವ್ವ ಕೇಳಿದಾಗ ನೀನು ಮುಂದೆ ಬಂದೆ, ನಾನು ಬಾಯಿ ಬಿಡಲಿಲ್ಲ. ಈಗಷ್ಟೇ ಅವ್ವನಿಗೆ ಹೇಳಿ ಬಂದೆ. “ನೇತ್ರಾಗ ಬರಿ,” ಎಂದಳು. ಆಮೇಲೆ ನನ್ನ ಜೊತೆ ಮಾತಾಡಿಲ್ಲ.