ಹುಲ್ಲು ಬೆಳೆದ ನಳಿಕೆ

೧೯೬೯ ಸೆಪ್ಟೆಂಬರ್ ೭, ತುರ್ವಿಹಾಳ

ಮತ್ತೆ ಕಿಡ್ನಿಯ ಚಿತ್ರ. ಕೆಂಪು-ನೀಲಿ ಪೆನ್ಸಿಲ್ ಸವೆದು ಬೆರಳುದ್ದ ಆಗಿದೆ. ರಕ್ತ ಸೋಸುವ ಗ್ಲೊಮೆರುಲಸ್ ಆದರೆ ಕಣ್ಣು ಮುಚ್ಚಿ ಹೇಳುತ್ತೇನೆ — ನೂಲಿನ ಉಂಡೆ. ಸುತ್ತಲಿನ ನಳಿಕೆಗಳೇ ಶನಿ. ಯಾವುದು ಹತ್ತಿರದ ಪ್ರಾಕ್ಸಿಮಲ್, ಯಾವುದು ದೂರದ ಡಿಸ್ಟಲ್? ಎರಡೂ ದುಂಡಗೆ, ಎರಡೂ ಗುಲಾಬಿ. ಏಪ್ರಿಲ್ ಪ್ರಾಕ್ಟಿಕಲ್‌ನಲ್ಲಿ ಅದಲುಬದಲು ಹೇಳಿ ನಗೆಪಾಟಲಾದೆ, ಫೇಲೂ ಆದೆ. ಅಕ್ಟೋಬರ್‌ನಲ್ಲೂ ಹೋದರೆ ಡಾಕ್ಟರ್ ಓದು ಅಲ್ಲಿಗೇ ಮುಗಿಯಿತು. ಲಿಂಗಸುಗೂರಿನ ಸಂಗಮ್ಮತ್ತೆ ಗಂಡು ನೋಡಿಟ್ಟು ಕಾಯುತ್ತಿದ್ದಾಳೆ.

ಸೆ. ೮, ಮಧ್ಯಾಹ್ನ

ಅಪ್ಪ ಕಾಲುವೆಯ ಗೇಟು ಇಳಿಸಿ ಊಟಕ್ಕೆ ಬಂದ. ನನ್ನ ಚಿತ್ರದ ಮೇಲೆ ಬಗ್ಗಿದ.

"ಕಾಲುವಿ ನಕ್ಷೆ ಬರಿಯಾಕತ್ತೀಯೇನವ್ವಾ?"

"ಕಿಡ್ನಿ, ಯಪ್ಪಾ. ಮನಷ್ಯಾರದು. ತೆಳ್ಳಗ ಕೊಯ್ದು ದುರ್ಬೀನಿನಾಗ ನೋಡಿದ್ರ ಹಿಂಗ ಕಾಣ್ತೈತಿ."

"ಹಂಗಾರ ಈ ಕಾಲುವ್ಯಾಗ ಹುಲ್ಲು ಯಾಕ ಬಿಟ್ಟಾರ?"

ಪ್ರಾಕ್ಸಿಮಲ್ ನಳಿಕೆಯ ಒಳಗೋಡೆಗೆ ಎಳೆದಿದ್ದ ಸಣ್ಣ ಗೀರುಗಳು, ಬ್ರಷ್ ಬಾರ್ಡರ್ — ಅವನಿಗೆ ಹುಲ್ಲು!

"ಹುಲ್ಲಿನ ಕಾಲುವಿ ನೀರು ಕುಡೀತೈತಿ. ಬೋಳು ಕಾಲುವಿ ಮುಂದಕ್ಕ ಸಾಗಸ್ತೈತಿ. ಇಷ್ಟೂ ತಿಳೀದೇನು ಬೇ?"

ಎದ್ದು ಕುಣಿಯುವುದೊಂದು ಬಾಕಿ. ಪುಸ್ತಕದಲ್ಲಿರುವುದೂ ಅದೇ! ಸೋಸಿದ ನೀರಿನ ಹೆಚ್ಚು ಪಾಲನ್ನು ಹೀರಿ ರಕ್ತಕ್ಕೆ ಮರಳಿಸುವುದು ಪ್ರಾಕ್ಸಿಮಲ್. ಒಳಗೆ ಮಸುಕು ಮಸುಕಾಗಿದ್ದರೆ ಅದು; ನಡು ಚೊಕ್ಕಟವಾಗಿ ಖಾಲಿ ಇದ್ದರೆ ಡಿಸ್ಟಲ್. ಆರು ತಿಂಗಳು ಬಾಯಿಪಾಠ ಮಾಡಿದ್ದು... ಅಪ್ಪ ಎರಡು ರೊಟ್ಟಿ ಮುಗಿಸುವಷ್ಟರಲ್ಲಿ ತಲೆಗೆ ಹೋಯಿತು.

ಅಕ್ಟೋಬರ್ ೧೪, ಗುಲಬರ್ಗಾ

ಪ್ರಾಕ್ಟಿಕಲ್ ಮುಗಿಯಿತು. ಕಿಡ್ನಿಯೇ ಬಂತು! ಸರಿಯಾಗಿ ಗುರುತಿಸಿದೆ. ಆದರೆ ಗಾಬರಿಯಲ್ಲಿ, ಬ್ರಷ್ ಬಾರ್ಡರ್ ಎಂದು ಬರೆಯುವ ಕಡೆ ಅಚ್ಚ ಕನ್ನಡದಲ್ಲಿ ‘ಹುಲ್ಲು’ ಎಂದು ಬರೆದುಬಿಟ್ಟೆ. ಪರೀಕ್ಷಕರು ಕನ್ನಡಕ ಏರಿಸಿದರು.

"ಏನಮ್ಮಾ ಇದು, ಹುಲ್ಲು?"

ಕೆಟ್ಟೆ ಅಂದುಕೊಂಡೆ. "ಕಾಲುವೆಯದು ಸರ್..." ಎಂದು ಅಪ್ಪ ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಒದರಿದೆ. ಅವರು ನಗಲಿಲ್ಲ. ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಬಹಳ ಹೊತ್ತು ನೋಡಿದರು. "ಮುಂದಿನವರು" ಅಂದರು. ಅಷ್ಟೇ.

ನವೆಂಬರ್ ೯, ತುರ್ವಿಹಾಳ

ಪಾಸ್! ಪಾಸ್! ಕಾಗದ ಬಂತು. ಅಪ್ಪ ಗೇಟಿನ ಮೇಲೆ ನಿಂತು ಆಚೆ ದಡದವರಿಗೆಲ್ಲ ಕೂಗಿ ಹೇಳಿದನಂತೆ. ಸಂಗಮ್ಮತ್ತೆಯ ಗಂಡಿಗೆ ಬೇರೆ ಹೆಣ್ಣು ಸಿಗಲಿ, ಪಾಪ.

ಬಾಗಿಲಲ್ಲಿ ಪಕ್ಕದ ಮನೆಯ ಮೈಮುನಾಬಿ. ಮೊಣಕಾಲು ಹಿಡಿದುಕೊಂಡು ಬಂದಿದ್ದಾಳೆ.

"ಡಾಕ್ಟರಮ್ಮಾ, ಇದನ್ನೀಟು ನೋಡ್ರಿ."

ನಿನ್ನೆಯವರೆಗೆ ನನ್ನನ್ನು "ಲೇ ಗ್ಯಾನಿ" ಎಂದು ಕರೆಯುತ್ತಿದ್ದವಳು! ಇನ್ನೂ ಮೂರು ವರ್ಷ ಓದಬೇಕು ಎಂದರೆ ಕೇಳಳು. ಕಾಲು ಚಾಚಿ ಕೂತೇ ಬಿಟ್ಟಳು. ಅವಳ ಹಿಂದೆ ಇನ್ನಿಬ್ಬರು. ಬರೆಯುವುದು ಇಲ್ಲಿಗೇ ಸಾಕು. ಎದ್ದು ಮೊದಲು ಆ ಮೊಣಕಾಲು ನೋಡುತ್ತೇನೆ.